ಬಿಸಿಯಾಗುವ ಗ್ರಾಫಿಕ್ಸ್ ಕಾರ್ಡ್: ದೋಷ ಪತ್ತೆಯ ಒಂದು ಪಾಠ

ಪೀಠಿಕೆ

‘ನೈದಾನಿಕ ಪರೀಕ್ಷೆ ಮತ್ತು ಪರಿಹಾರ ಬೋಧನೆ’ ಘಟಕವನ್ನು ಬೋಧಿಸುವ ನಮಗೆಲ್ಲ ಒಂದು ತೊಡಕು ಪರಿಚಿತ. ಪ್ರಶಿಕ್ಷಣಾರ್ಥಿಗಳು ವ್ಯಾಖ್ಯೆ ಬರೆಯುತ್ತಾರೆ, ಹಂತಗಳನ್ನು ಪಟ್ಟಿ ಮಾಡುತ್ತಾರೆ. ಅಭ್ಯಾಸ ಬೋಧನೆಗೆ ಶಾಲೆಗೆ ಹೋದಾಗ ಮಾತ್ರ, ಹಿಂದುಳಿದ ಮಗುವಿಗೆ ಅದೇ ಪಾಠವನ್ನು ಇನ್ನೊಮ್ಮೆ, ಸ್ವಲ್ಪ ಗಟ್ಟಿ ದನಿಯಲ್ಲಿ ಹೇಳಿ ಬರುತ್ತಾರೆ. ದೋಷ ಎಲ್ಲಿದೆ ಎಂದು ಹುಡುಕುವುದು ಬೇರೆ, ಪರಿಹಾರ ಕೊಡುವುದು ಬೇರೆ ಎಂಬುದು ಕೈಯಾರೆ ಮಾಡಿದಾಗಲೇ ಮನದಟ್ಟಾಗುತ್ತದೆ. ನಮ್ಮ ಕಾಲೇಜಿನ ಐಸಿಟಿ ಪ್ರಯೋಗಾಲಯದ ಒಂದು ಕಂಪ್ಯೂಟರ್ ಅದಕ್ಕೆ ಅವಕಾಶ ಒದಗಿಸಿತು. ಆ ಕೆಲಸದ ವಿವರವನ್ನೂ ಅದನ್ನು ತರಗತಿಯಲ್ಲಿ ಬಳಸಿದ ಬಗೆಯನ್ನೂ ಇಲ್ಲಿ ಕೊಡುತ್ತಿದ್ದೇನೆ.

ಸಮಸ್ಯೆಯ ಹಿನ್ನೆಲೆ

ಸೂಕ್ಷ್ಮ ಬೋಧನೆ 1963ರ ಸುಮಾರಿಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಅಲೆನ್ ಮತ್ತು ಸಂಗಡಿಗರ ಕೈಯಲ್ಲಿ ರೂಪುಗೊಂಡ ಕಾಲದಿಂದಲೂ ವಿಡಿಯೊ ಅದರ ಜೊತೆಗಾರ. ನಮ್ಮಲ್ಲಿ ಬಳಕೆಯಲ್ಲಿರುವ 36 ನಿಮಿಷಗಳ ಚಕ್ರದಲ್ಲಿ 6 ನಿಮಿಷ ಬೋಧನೆ, 6 ನಿಮಿಷ ಹಿಮ್ಮಾಹಿತಿ, 12 ನಿಮಿಷ ಪುನರ್ ಯೋಜನೆ, ಮತ್ತೆ ಆರಾರು ನಿಮಿಷ ಪುನರ್ ಬೋಧನೆ ಮತ್ತು ಪುನರ್ ಹಿಮ್ಮಾಹಿತಿ. ಬೋಧಿಸುವವರ ಮೇಲೆ ಒಂದು ಕ್ಯಾಮೆರಾ, ಕೇಳುವವರ ಮೇಲೆ ಇನ್ನೊಂದು ಇಟ್ಟು, ಎರಡನ್ನೂ ಪಕ್ಕಪಕ್ಕ ಜೋಡಿಸಿ ಅಂದೇ ಸಂಜೆ ಪ್ರತಿಯೊಬ್ಬರಿಗೂ ಕೊಡುವುದು ನಮ್ಮ ರೂಢಿ. ಜೋಡಿಸುವ ಕೆಲಸಕ್ಕೆ ಇರುವುದು ಒಂದೇ ಕಂಪ್ಯೂಟರ್. ಅದರಲ್ಲಿ ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್ ಇದೆ.

ಬೇಸಿಗೆ ಹತ್ತಿರವಾದಂತೆ 6 ನಿಮಿಷದ ವಿಡಿಯೊ ತಯಾರಾಗಲು 26 ನಿಮಿಷ ಹಿಡಿಯತೊಡಗಿತು. ಶಾಲಾ ಇಂಟರ್ನ್‌ಶಿಪ್‌ಗೆ ಮೂರು ವಾರ ಉಳಿದಿತ್ತು. ಅರ್ಧದಷ್ಟು ಪ್ರಶಿಕ್ಷಣಾರ್ಥಿಗಳು ತಮ್ಮ ಪಾಠವನ್ನು ತಾವೇ ನೋಡದೆ ಮಕ್ಕಳ ಮುಂದೆ ನಿಲ್ಲಬೇಕಾಗುತ್ತಿತ್ತು. ನೋಡಲು ಬಂದ ರಿಪೇರಿಯವರು ಐದು ನಿಮಿಷದಲ್ಲಿ ‘ಕಾರ್ಡ್ ಹೋಗಿದೆ, ಹೊಸದು ಹಾಕಿಸಿ’ ಎಂದರು. ಹೊಸದರ ಬೆಲೆಗೆ ಆ ವರ್ಷದ ಪ್ರಯೋಗಾಲಯ ನಿಧಿಯೆಲ್ಲ ಹೋಗುತ್ತಿತ್ತು. ಅವರು ಏನನ್ನೂ ಅಳೆದು ನೋಡಿರಲಿಲ್ಲವಾದ್ದರಿಂದ, ಮೊದಲು ಅಳೆಯೋಣ ಎಂದು ಆರು ಜನ ವಿಜ್ಞಾನ ವಿಧಾನದ ಪ್ರಶಿಕ್ಷಣಾರ್ಥಿಗಳನ್ನು ಜೊತೆಗೆ ಸೇರಿಸಿಕೊಂಡೆ.

ಮೊದಲ ಹಂತ: ಅಳತೆ

ನೋಡಬೇಕಾದ ಅಂಶಗಳು ನಾಲ್ಕು: ಕಾರ್ಡ್ ಎಷ್ಟು ಶೇಕಡಾ ಕೆಲಸ ಮಾಡುತ್ತಿದೆ, ಅದರ ಉಷ್ಣತೆ, ಅದರ ವೇಗ ಎಷ್ಟು ಮೆಗಾಹರ್ಟ್ಸ್, ಫ್ಯಾನ್ ಎಷ್ಟು ಸುತ್ತು ತಿರುಗುತ್ತಿದೆ. ವಿಂಡೋಸ್ 10ರ 2020ರ ಮೇ ಅಪ್‌ಡೇಟ್‌ನಿಂದೀಚೆಗೆ ಟಾಸ್ಕ್ ಮ್ಯಾನೇಜರ್‌ನಲ್ಲೇ ಮೊದಲ ಎರಡು ಕಾಣುತ್ತವೆ. ಉಳಿದವಕ್ಕೆ ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಸಾಕು. ಕಾರ್ಡ್ ತನ್ನ ವೇಗವನ್ನು ಏಕೆ ಮಿತಿಗೊಳಿಸಿಕೊಂಡಿದೆ ಎಂಬುದನ್ನೂ ಅದು ‘ಪರ್ಫ್‌ಕ್ಯಾಪ್ ರೀಸನ್’ ಎಂಬ ಸಾಲಿನಲ್ಲಿ ತೋರಿಸುತ್ತದೆ.

ಬಿಡಿಬಿಡಿಯಾಗಿ ಓದಿದರೆ ಈ ಅಂಕಿಗಳು ಹೆಚ್ಚೇನೂ ಹೇಳುವುದಿಲ್ಲ. ಒಟ್ಟಿಗೆ ಓದಿದಾಗ ದೋಷದ ದಿಕ್ಕು ತಿಳಿಯುತ್ತದೆ.

1. ಬಳಕೆ ಕಡಿಮೆ, ಉಷ್ಣತೆಯೂ ಕಡಿಮೆ: ಕೆಲಸವೇ ಕಾರ್ಡಿಗೆ ತಲುಪುತ್ತಿಲ್ಲ. ಮಾನಿಟರ್ ಕೇಬಲ್ಲನ್ನು ಕಾರ್ಡಿನ ಬದಲು ಮದರ್‌ಬೋರ್ಡಿನ ಕಿಂಡಿಗೆ ಸಿಕ್ಕಿಸಿರಬಹುದು, ತಂತ್ರಾಂಶದ ಸೆಟ್ಟಿಂಗ್ಸ್‌ನಲ್ಲಿ ಕಾರ್ಡನ್ನು ಆರಿಸಿಲ್ಲದಿರಬಹುದು, ಪ್ರೊಸೆಸರ್ ನಿಧಾನವಾಗಿರಬಹುದು.
2. ಬಳಕೆ ಹೆಚ್ಚು, ಉಷ್ಣತೆ ಸಾಧಾರಣ, ವೇಗ ಕಡಿಮೆ: ವಿದ್ಯುತ್ ಪೂರೈಕೆ ಅಥವಾ ಸೆಟ್ಟಿಂಗ್ ಕಡೆ ನೋಡಬೇಕು. ಸ್ಲಾಟ್ ಒಂದರಿಂದ ಕಾರ್ಡಿಗೆ ಸಿಗುವುದು ಗರಿಷ್ಠ 75 ವ್ಯಾಟ್. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡುಗಳಿಗೆ ಎಸ್‌ಎಂಪಿಎಸ್‌ನಿಂದ ಪ್ರತ್ಯೇಕ ವೈರ್ ಬೇಕು.
3. ಬಳಕೆ ಹೆಚ್ಚು, ಉಷ್ಣತೆ ಹೆಚ್ಚು, ವೇಗ ಇಳಿಯುತ್ತಿದೆ: ಶಾಖ ಹೊರಹೋಗುತ್ತಿಲ್ಲ.
4. ಎಲ್ಲವೂ ಸರಿ, ಆದರೂ ನಿಧಾನ: ಕಾರ್ಡಿನ ಸಾಮರ್ಥ್ಯಕ್ಕಿಂತ ಹೆಚ್ಚು ಕೇಳುತ್ತಿದ್ದೇವೆ.

ನಮ್ಮದು ಮೂರನೆಯ ವರ್ಗ. ವಿಡಿಯೊ ಜೋಡಣೆ ಆರಂಭಿಸಿದಾಗ ವೇಗ 1,600 ಮೆಗಾಹರ್ಟ್ಸ್‌ಗಿಂತ ಮೇಲಿತ್ತು. ಐದನೇ ನಿಮಿಷಕ್ಕೆ ಉಷ್ಣತೆ 97 ಡಿಗ್ರಿ ಮುಟ್ಟಿತು, ವೇಗ 700ಕ್ಕೆ ಕುಸಿಯಿತು. ಈ ಕಾರ್ಡಿಗೆ ತಯಾರಕರು ಗೊತ್ತುಮಾಡಿರುವ ಗರಿಷ್ಠ ಉಷ್ಣತೆಯೂ 97 ಡಿಗ್ರಿಯೇ, ಮೂಲ ವೇಗ 1,290 ಮೆಗಾಹರ್ಟ್ಸ್. ಮಿತಿ ಮುಟ್ಟಿದ ಕೂಡಲೇ ಕಾರ್ಡ್ ತನ್ನನ್ನು ತಾನು ಉಳಿಸಿಕೊಳ್ಳಲು ನಿಧಾನವಾಗುತ್ತಿತ್ತು. ಚಿಪ್ಪಿನ ವಿದ್ಯುತ್ ಬಳಕೆ ಅದರ ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ಎರಡನ್ನೂ ಇಳಿಸಿದರೆ ಶಾಖ ಬೇಗ ತಗ್ಗುತ್ತದೆ.

ತೆರೆಯ ಮುಂದೆ ಕುಳಿತಿದ್ದ ಒಬ್ಬ ಪ್ರಶಿಕ್ಷಣಾರ್ಥಿ ಕೇಳಿದರು: ‘ಹಾಗಾದ್ರೆ ಕಾರ್ಡ್ ಕೆಟ್ಟಿಲ್ಲ ಅಲ್ವಾ ಮೇಡಂ? ಕೆಡಬಾರದು ಅಂತ ತಾನೇ ನಿಧಾನ ಆಗ್ತಿದೆ!’ ಇಡೀ ಚಟುವಟಿಕೆಯ ತಿರುಳು ಈ ಮಾತಿನಲ್ಲಿದೆ. ನಿಧಾನಗತಿ ಲಕ್ಷಣ ಮಾತ್ರ. ರಿಪೇರಿಯವರು ಲಕ್ಷಣವನ್ನೇ ಕಾರಣವೆಂದು ಓದಿದ್ದರು.

ಎರಡನೇ ಹಂತ: ಶಾಖ ಎಲ್ಲಿ ತಡೆದಿದೆ?

ಈ ಕಾರ್ಡಿನ ಚಿಪ್ ಸುಮಾರು 132 ಚದರ ಮಿಲಿಮೀಟರ್, ಹೆಚ್ಚುಕಡಿಮೆ ಹೆಬ್ಬೆರಳಿನ ಉಗುರಿನಷ್ಟು. ಕಾರ್ಡ್ ಬಳಸುವ 75 ವ್ಯಾಟ್‌ನಲ್ಲಿ ಬಹುಪಾಲು ಅಷ್ಟು ಚಿಕ್ಕ ಜಾಗದಲ್ಲೇ ಶಾಖವಾಗುತ್ತದೆ. ಅದು ಹೊರಬರುವ ದಾರಿಯನ್ನು ಕಪ್ಪುಹಲಗೆಯ ಮೇಲೆ ಬರೆಸಿದೆ: ಚಿಪ್, ಥರ್ಮಲ್ ಪೇಸ್ಟ್, ಹೀಟ್ ಸಿಂಕ್, ಫ್ಯಾನಿನ ಗಾಳಿ, ಕ್ಯಾಬಿನೆಟ್, ಕೋಣೆ. ಚಿಪ್ಪಿನಿಂದ ಹೀಟ್ ಸಿಂಕಿನವರೆಗೆ ಉಷ್ಣವಹನ. ಅಲ್ಲಿಂದ ಮುಂದೆ ಬಹುಮಟ್ಟಿಗೆ ಸಂವಹನ. ಪ್ರೌಢಶಾಲೆಗೆ ಬರುವ ಮೊದಲೇ ಮಕ್ಕಳು ಓದಿರುವ ಪಾಠವೇ ಇದು. ಆರು ಕೊಂಡಿಗಳಲ್ಲಿ ಒಂದು ಕಟ್ಟಿಕೊಂಡರೂ ಅದರ ಹಿಂದಿನದೆಲ್ಲ ಬಿಸಿಯಾಗುತ್ತದೆ.

ಯಾವ ಕೊಂಡಿ ಎಂದು ತಿಳಿಯಲು ದಾರಿಯ ಕೊನೆಯಿಂದ ಹಿಂದಕ್ಕೆ ಬಂದೆವು. ಕಂಪ್ಯೂಟರ್ ಇದ್ದದ್ದು ಬಾಗಿಲಿರುವ ಮೇಜಿನ ಗೂಡಿನಲ್ಲಿ, ಮೇಲೆ ಧೂಳು ಕೂರದಂತೆ ಬಟ್ಟೆಯ ಹೊದಿಕೆ. ಅದನ್ನು ಹೊರತೆಗೆದು, ಫ್ಯಾನಿನ ಕೆಳಗಿಟ್ಟು ಅದೇ ವಿಡಿಯೊವನ್ನು ಮತ್ತೆ ಓಡಿಸಿದೆವು. ಮಿತಿ ಮುಟ್ಟುವುದು ಐದನೇ ನಿಮಿಷದಿಂದ ಏಳನೇ ನಿಮಿಷಕ್ಕೆ ಹೋಯಿತು, ಅಷ್ಟೆ. ನಂತರ ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆದು ಓಡಿಸಿದೆವು. ಉಷ್ಣತೆ 95ರಲ್ಲಿ ನಿಂತಿತು. ತಗಡು ತೆಗೆದಾಗ ಹತ್ತು ಡಿಗ್ರಿಯಷ್ಟು ಇಳಿದಿದ್ದರೆ ಕ್ಯಾಬಿನೆಟ್ಟಿನ ಗಾಳಿ ಸಂಚಾರವೇ ಮುಖ್ಯ ದೋಷ ಎನ್ನಬಹುದಿತ್ತು. ಇಲ್ಲಿ ತಡೆ ಕಾರ್ಡಿನಲ್ಲೇ ಇತ್ತು. ಫ್ಯಾನ್ ತಿರುಗುತ್ತಿತ್ತು. ಟಾರ್ಚ್ ಬಿಟ್ಟು ನೋಡಿದಾಗ ಫ್ಯಾನಿನ ಹಿಂದೆ ಹೀಟ್ ಸಿಂಕಿನ ಹಲ್ಲುಗಳ ನಡುವೆ ಬೂದು ಬಣ್ಣದ ಧೂಳಿನ ಪದರ ಕಂಬಳಿಯಂತೆ ಕೂತಿತ್ತು. ಸೀಮೆಸುಣ್ಣದ ಪುಡಿಯೂ ರಸ್ತೆಯ ಧೂಳೂ ಸೇರಿದ ಪದರ ಅದು.

ಮೂರನೇ ಹಂತ: ಪರಿಹಾರ

ಇಲ್ಲಿ ಎರಡು ನಿಯಮಗಳನ್ನು ಪಾಲಿಸಿದೆವು. ಖರ್ಚು ಕಡಿಮೆ ಇರುವ, ಸುಲಭವಾಗಿ ಹಿಂದಕ್ಕೆ ಬರಬಹುದಾದ ಕೆಲಸ ಮೊದಲು. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಬದಲಾವಣೆಯ ನಂತರ ಅದೇ ವಿಡಿಯೊದಿಂದ ಮರು ಅಳತೆ.

ಮೊದಲು ಧೂಳು. ಕಂಪ್ಯೂಟರ್ ಆರಿಸಿ, ಪ್ಲಗ್ ಕಿತ್ತು, ಉಳಿದ ವಿದ್ಯುತ್ ಹೋಗಲೆಂದು ಪವರ್ ಬಟನ್ ಒಮ್ಮೆ ಒತ್ತಿ, ಮೈಯಲ್ಲಿರುವ ಸ್ಥಿರ ವಿದ್ಯುತ್ ಕಳೆಯಲು ಕ್ಯಾಬಿನೆಟ್ಟಿನ ಲೋಹ ಮುಟ್ಟಿ ಕಾರ್ಡ್ ಬಿಚ್ಚಿದೆವು. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದಿರಬೇಕು; ಗಾಳಿಯ ರಭಸಕ್ಕೆ ಅತಿವೇಗದಲ್ಲಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಒದ್ದೆ ಬಟ್ಟೆ ಬಳಸಬಾರದು. ಇಷ್ಟರಿಂದ ಉಷ್ಣತೆ 84ಕ್ಕೆ ಇಳಿಯಿತು, ವಿಡಿಯೊ 14 ನಿಮಿಷಕ್ಕೆ ಬಂತು.

ಆಮೇಲೆ ಥರ್ಮಲ್ ಪೇಸ್ಟ್. ಚಿಪ್ಪಿಗೂ ಹೀಟ್ ಸಿಂಕಿಗೂ ನಡುವೆ ಕಣ್ಣಿಗೆ ಕಾಣದ ಏರುತಗ್ಗುಗಳಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಗಾಳಿ ಕಳಪೆ ಉಷ್ಣವಾಹಕ. ಆ ಜಾಗ ತುಂಬುವುದೇ ಪೇಸ್ಟಿನ ಕೆಲಸ. ಹಲವು ವರ್ಷವಾದರೆ ಅದು ಒಣಗಿ ಗಟ್ಟಿಯಾಗುತ್ತದೆ. ವಾರಂಟಿ ಮುಗಿದಿದೆ ಎಂದು ಖಚಿತಪಡಿಸಿಕೊಂಡು, ಹಳೆಯದನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಬಟಾಣಿಗಿಂತ ಚಿಕ್ಕ ಹನಿ ಹಾಕಿ, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಮಾಡಿದೆವು. ಉಷ್ಣತೆ 73ರಲ್ಲಿ ನಿಂತಿತು. ವೇಗ ಕೊನೆಯವರೆಗೂ 1,600ರ ಮೇಲೇ ಉಳಿಯಿತು. ಸಮಯ 11 ನಿಮಿಷ. ಖರ್ಚಾದದ್ದು ಪೇಸ್ಟ್ ಮತ್ತು ಆಲ್ಕೊಹಾಲಿಗೆ ಮಾತ್ರ. ಕಂಪ್ಯೂಟರನ್ನು ಮತ್ತೆ ಗೂಡಿಗೆ ಸೇರಿಸಲಿಲ್ಲ. ಇಂಟರ್ನ್‌ಶಿಪ್‌ಗೆ ಹೊರಡುವ ಮುನ್ನ ಎಲ್ಲರ ವಿಡಿಯೊಗಳೂ ಕೈಸೇರಿದವು.

ಇಷ್ಟಾದರೂ ಇಳಿಯದಿದ್ದರೆ ಮುಂದಿನ ಹೆಜ್ಜೆ ಫ್ಯಾನ್ ಬದಲಿಸುವುದು. ತೆರೆಯ ಮೇಲೆ ಬಣ್ಣಬಣ್ಣದ ಚುಕ್ಕೆ, ಗೆರೆಗಳು ತಣ್ಣಗಿರುವಾಗಲೂ ಮೂಡುತ್ತಿದ್ದರೆ ಮಾತ್ರ ಕಾರ್ಡೇ ಹಾಳಾಗಿದೆ ಎಂಬ ಅನುಮಾನಕ್ಕೆ ಬಲ ಬರುತ್ತದೆ. ಆಗಲೂ ಇನ್ನೊಂದು ಕಂಪ್ಯೂಟರಿಗೆ ಹಾಕಿ ನೋಡಿಯೇ ತೀರ್ಮಾನಿಸಬೇಕು.

ತರಗತಿಗೆ ತಂದದ್ದು

ಮರುವಾರ ಅದೇ ಆರು ಜನರಿಗೆ ಎರಡಂಕಿಯ ವ್ಯವಕಲನದ ಉತ್ತರಪತ್ರಿಕೆಯೊಂದನ್ನು ಕೊಟ್ಟೆ. 52−27=35, 64−38=34, 71−46=35; ಆದರೆ 68−25=43. ಹಿಂದಿನ ತಂಡಗಳು ‘ವ್ಯವಕಲನ ಬರುವುದಿಲ್ಲ, ಪುನಃ ಬೋಧಿಸಬೇಕು’ ಎಂದು ಬರೆಯುತ್ತಿದ್ದವು. ಈ ತಂಡ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ಓದಿತು. ದಶಕ ಒಡೆಯುವ ಅಗತ್ಯವಿಲ್ಲದ ಲೆಕ್ಕ ಸರಿಯಿದೆ. ಉಳಿದೆಡೆ ಮಗು ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ. ತಡೆ ಇರುವುದು ಒಂದೇ ಕೊಂಡಿಯಲ್ಲಿ. ಅವರು ಕಡ್ಡಿಯ ಕಟ್ಟುಗಳಿಂದ ದಶಕ ಬಿಚ್ಚುವ ಚಟುವಟಿಕೆಯೊಂದನ್ನಷ್ಟೇ ಯೋಜಿಸಿ, ಕೊನೆಗೆ ಅದೇ ಬಗೆಯ ಲೆಕ್ಕಗಳಿಂದ ಮರುಪರೀಕ್ಷೆ ಇಟ್ಟರು.

ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯಬಾರದು ಎಂದೂ ಅವರಿಗೆ ಹೇಳಿದೆ. ಕಾರ್ಡಿಗೆ ಹಸಿವಿಲ್ಲ, ಅಂಜಿಕೆಯಿಲ್ಲ, ಮನೆಯ ಕಷ್ಟವಿಲ್ಲ. ಮಗುವಿನ ವಿಷಯದಲ್ಲಿ ಅಳತೆಯ ಜೊತೆಗೆ ಮಾತನಾಡಿಸುವುದೂ ಬೇಕು.

ಬೋಧಕರಿಗೆ ಸೂಚನೆಗಳು

ಈ ಚಟುವಟಿಕೆಗೆ ಗ್ರಾಫಿಕ್ಸ್ ಕಾರ್ಡೇ ಬೇಕೆಂದಿಲ್ಲ. ಬಿಸಿಯಾಗುವ ಲ್ಯಾಪ್‌ಟಾಪ್ ಅಥವಾ ಪ್ರೊಜೆಕ್ಟರ್ ಆದೀತು. ನಾಲ್ಕರಿಂದ ಆರು ಜನರ ಗುಂಪು ಸಾಕು. ದಾಖಲೆಗೆ ಐದು ಕಾಲಂಗಳ ಹಾಳೆ ಕೊಡಿ: ಲಕ್ಷಣ, ಊಹೆ, ಪರೀಕ್ಷೆ, ಅಳತೆ, ನಿರ್ಣಯ. ಊಹೆಯ ಕಾಲಂ ತುಂಬುವ ಮೊದಲು ಯಾರೂ ಸ್ಕ್ರೂಡ್ರೈವರ್ ಮುಟ್ಟಕೂಡದು. ವಿದ್ಯುತ್ ಸಂಪರ್ಕ ತಪ್ಪಿಸಿದ್ದನ್ನು ಬೋಧಕರೇ ಖುದ್ದಾಗಿ ನೋಡಬೇಕು. ಎಸ್‌ಎಂಪಿಎಸ್ ಡಬ್ಬಿಯನ್ನು ಯಾವ ಕಾರಣಕ್ಕೂ ಬಿಚ್ಚಿಸಬಾರದು, ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ಮೌಲ್ಯಮಾಪನದಲ್ಲಿ ಯಂತ್ರ ಸರಿಹೋಯಿತೇ ಎಂಬುದಕ್ಕೆ ಅಂಕ ಬೇಡ. ಪ್ರತಿ ನಿರ್ಣಯದ ಎದುರು ಒಂದು ಅಳತೆ ಇದೆಯೇ ಎಂಬುದಕ್ಕೆ ಅಂಕ ಕೊಡಿ.