ಮನಸ್ಸಿನ ಭಾರ, ಮೈಯ ನೋವು



ಬೆಳೆಯ ಎಲೆ ಹಳದಿಗಟ್ಟಿದರೆ ನೀವು ಎಲೆಗೆ ಔಷಧ ಹೊಡೆದು ಸುಮ್ಮನಾಗುವುದಿಲ್ಲ. ಬುಡದ ಮಣ್ಣು ಕೆದರಿ ಬೇರನ್ನೂ ನೋಡುತ್ತೀರಿ. ಮೈಯ ನೋವನ್ನೂ ಹೀಗೆಯೇ ನೋಡಬೇಕಾದ ಸಂದರ್ಭಗಳುಂಟು. ತಲೆನೋವು, ಎದೆ ಡವಗುಟ್ಟುವುದು, ಹೊಟ್ಟೆಯುಬ್ಬರ, ಬೆನ್ನು ಕುತ್ತಿಗೆಗಳ ಸೆಳೆತ, ಮೈಯುರಿ, ಎಷ್ಟು ಮಲಗಿದರೂ ಹೋಗದ ಸುಸ್ತು—ಇವು ತಿಂಗಳುಗಟ್ಟಲೆ ಕಾಡಿ, ಪರೀಕ್ಷೆಗಳಲ್ಲಿ ಏನೂ ಸಿಕ್ಕದಿದ್ದರೆ, ಅವುಗಳ ಬೇರು ಮನಸ್ಸಿನಲ್ಲಿ ಇರಬಹುದು.

ಇದು ಹೊಸ ಮಾತಲ್ಲ. ‘ಸಂಕಟ’ ಎಂಬ ಒಂದೇ ಪದವನ್ನು ನಾವು ಹೊಟ್ಟೆ ತೊಳಸುವುದಕ್ಕೂ ಬಳಸುತ್ತೇವೆ, ಮನಸ್ಸು ನೊಂದುದಕ್ಕೂ ಬಳಸುತ್ತೇವೆ.

ಇದು ಹೇಗಾಗುವುದು?

ಬದುವಿನ ಮೇಲೆ ಹಾವು ಕಂಡಿತೆನ್ನಿ. ಮಿದುಳು ಕೂಡಲೇ ಅಪಾಯದ ಸುದ್ದಿ ಕೊಡುತ್ತದೆ. ಮೂತ್ರಪಿಂಡಗಳ ಮೇಲಿರುವ ಚಿಕ್ಕ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಎದೆಬಡಿತ ಹೆಚ್ಚುವುದು, ಉಸಿರು ಬಿರುಸಾಗುವುದು, ಸ್ನಾಯುಗಳು ಬಿಗಿಯುವುವು, ಜೀರ್ಣದ ಕೆಲಸ ಹಿಂದೆ ಬೀಳುವುದು. ಓಡಿ ಪಾರಾಗಲು ಇದೆಲ್ಲ ಬೇಕು. ಹಾವು ಸರಿದುಹೋದ ಸ್ವಲ್ಪ ಹೊತ್ತಿನಲ್ಲಿ ಮೈ ತಣ್ಣಗಾಗುತ್ತದೆ.

ಆದರೆ ಸಾಲದ ಕಂತು, ಕೈಕೊಟ್ಟ ಮಳೆ, ಬತ್ತಿದ ಕೊಳವೆಬಾವಿ, ಮನೆಯೊಳಗಿನ ಜಗಳ—ಇವು ಹಾವಿನಂತೆ ಸರಿದುಹೋಗುವುದಿಲ್ಲ. ಆಗ ಮೈ ನೊಗ ಕಳಚದ ಎತ್ತಿನಂತೆ ಹಗಲಿರುಳೂ ಬಿಗಿದೇ ಇರುತ್ತದೆ. ಬಿಗಿದ ಕುತ್ತಿಗೆಯಿಂದ ತಲೆನೋವು ಬರುವುದು. ಬಿರುಸಾದ ಉಸಿರಿನಿಂದ ತಲೆ ತಿರುಗಿ ಬೆರಳುಗಳು ಜುಮ್ಮೆನ್ನುವುವು. ಕರುಳಿನ ನಡೆ ತಪ್ಪಿ ಅಜೀರ್ಣವೋ ಭೇದಿಯೋ ಆಗುವುದು. ನಿದ್ದೆಗೆಟ್ಟವರಿಗೆ ಸಣ್ಣ ನೋವೂ ದೊಡ್ಡದಾಗಿ ತೋರುವುದು.

ಈ ನೋವು ಸೋಗಲ್ಲ, ನಿಜವಾದ ನೋವು. ಮನೆಯ ಹೆಣ್ಣುಮಗಳು ‘ಮೈಯೆಲ್ಲ ನೋವು’ ಎಂದರೆ ‘ಕೆಲಸಗಳ್ಳತನ’ ಎಂದು ತಳ್ಳಿಹಾಕಬೇಡಿ. ದೆವ್ವದ ಕಾಟವೆಂದು ಹಣ ಕಳೆಯಲೂ ಬೇಡಿ.

ಮಾಡಬೇಕಾದುದೇನು?

ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿರಿ. ರಕ್ತಹೀನತೆ, ಸಕ್ಕರೆ ಕಾಯಿಲೆ, ಥೈರಾಯ್ಡ್ ದೋಷಗಳಿಂದಲೂ ಸುಸ್ತು, ನೋವು ಬರುತ್ತವೆ. ಎದೆ ಹಿಂಡಿದಂತಾಗಿ ನೋವು ತೋಳಿಗೋ ದವಡೆಗೋ ಹರಿದು ಬೆವರು ಬಂದರೆ, ಒಂದು ಕಡೆಯ ಕೈಕಾಲು ಸೋತರೆ, ವಾಂತಿಯಲ್ಲಿ ರಕ್ತ ಕಂಡರೆ, ಚಿಂತೆಯ ಫಲವೆಂದು ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿರಿ. 108ಕ್ಕೆ ಕರೆ ಮಾಡಿರಿ.

ವೈದ್ಯರ ಮುಂದೆ ಮೈಯ ನೋವನ್ನಷ್ಟೇ ಹೇಳಿ ಎದ್ದುಬರಬೇಡಿ. ‘ನಿದ್ದೆಯಿಲ್ಲ, ಸಾಲದ ಚಿಂತೆಯಿದೆ’ ಎಂಬುದನ್ನೂ ಹೇಳಿರಿ. ಅಂಗಡಿಯಿಂದ ನೋವಿನ ಗುಳಿಗೆ ತಂದು ದಿನವೂ ನುಂಗಿದರೆ ಜಠರದಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು. ಕುಡಿತವು ಮೊದಲು ನಿದ್ದೆ ತರಿಸಿ, ನಡುರಾತ್ರಿ ಎಬ್ಬಿಸಿ, ಚಿಂತೆಯನ್ನು ಹೆಚ್ಚಿಸುತ್ತದೆ. ವೈದ್ಯರು ಮನಸ್ಸಿಗೆ ಔಷಧ ಕೊಟ್ಟರೆ ಗುಣ ಕಾಣಲು ಕೆಲವು ವಾರ ಹಿಡಿಯುವುದುಂಟು. ಅವರನ್ನು ಕೇಳದೆ ನಿಲ್ಲಿಸಬಾರದು.

ಮನಸ್ಸಿನ ಚಿಕಿತ್ಸೆ ಪಟ್ಟಣದ ದೊಡ್ಡ ಆಸ್ಪತ್ರೆಗೆ ಮಾತ್ರ ಸೇರಿದ್ದಲ್ಲ. 1980ರ ದಶಕದಲ್ಲಿಯೇ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಈ ಚಿಕಿತ್ಸೆಯನ್ನು ಹಳ್ಳಿಯ ಹತ್ತಿರದಲ್ಲಿಯೇ ನೀಡಬಹುದೆಂದು ತೋರಿಸಿದರು. ಅದೇ ಮಾದರಿಯಲ್ಲಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. 2022ರಲ್ಲಿ ಆರಂಭವಾದ ಟೆಲಿ ಮನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಮಾತನಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು.

ಕೊನೆಯದಾಗಿ ಒಂದು ಮುಖ್ಯ ಸಂಗತಿ. ‘ಬದುಕು ಸಾಕಾಯಿತು’ ಎಂದು ಯಾರಾದರೂ ಹೇಳಿದರೆ ಹಗುರವಾಗಿ ಕಾಣಬೇಡಿ. ‘ಸಾಯುವ ಯೋಚನೆ ಬಂದಿದೆಯೇ?’ ಎಂದು ನೇರವಾಗಿ ಕೇಳಿರಿ, ಕೇಳುವುದರಿಂದ ಕೇಡಾಗುವುದಿಲ್ಲ. ಅವರನ್ನು ಒಂಟಿಯಾಗಿ ಬಿಡದೆ ವೈದ್ಯರ ಬಳಿಗೆ ಕರೆದೊಯ್ಯಿರಿ. ಕೀಟನಾಶಕದ ಡಬ್ಬಿಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಬೇರೆಯವರ ಕೈಯಲ್ಲಿಡಿರಿ. ಬೆಳೆ ಹೋದರೆ ಮತ್ತೊಂದು ಹಂಗಾಮು ಬರುತ್ತದೆ. ಜೀವ ಉಳಿಸಿಕೊಳ್ಳುವುದು ಮೊದಲು.