‘ಸದ್ಯಕ್ಕೆ ಅಜ್ಜಿಮನೆಯಲ್ಲಿರಲಿ’: ಕಸ್ಟಡಿ ಕೇಸಿನಲ್ಲಿ ಕೋರ್ಟ್ ನೋಡೋದು ಏನನ್ನು?

ಅಲೆವೂರಿನಂಥ ಊರುಗಳಲ್ಲಿ ಇದು ಮಾಮೂಲು. ಅಪ್ಪ ದುಬೈಯಲ್ಲೋ ಬೆಂಗಳೂರಿನಲ್ಲೋ, ಅಮ್ಮನಿಗೆ ಮಣಿಪಾಲದಲ್ಲಿ ಶಿಫ್ಟ್ ಡ್ಯೂಟಿ, ಮಗು ಅಜ್ಜಿಮನೆಯಲ್ಲಿ. ಎಲ್ಲ ಸರಿ ಇರುವಷ್ಟು ದಿನ ಯಾರೂ ತಲೆ ಕೆಡಿಸಿಕೊಳ್ಳೋದಿಲ್ಲ. ಗಂಡ–ಹೆಂಡತಿ ಬೇರೆಯಾದರೆ ಮಾತ್ರ ಪ್ರಶ್ನೆ ಏಳುತ್ತದೆ: ಮಗು ಇನ್ನು ಯಾರ ಮನೆಯಲ್ಲಿ?

ಹಿಂದೆ ಇಲ್ಲಿನ ಅಳಿಯಸಂತಾನ ಕುಟುಂಬಗಳಲ್ಲಿ ಮಗು ತಾಯಿಯ ಮನೆಗೆ ಸೇರಿದ್ದು, ಅಷ್ಟೇ. ಇವತ್ತಿನ ಕಾನೂನು ಕೇಳೋದು ಬೇರೆ: ಮಗುವಿಗೆ ಹಿತ ಎಲ್ಲಿ? 1890ರ ಗಾರ್ಡಿಯನ್ಸ್ ಆ್ಯಂಡ್ ವಾರ್ಡ್ಸ್ ಕಾಯ್ದೆ, ಹಿಂದೂಗಳಿಗೆ ಅನ್ವಯಿಸುವ 1956ರ ಕಾಯ್ದೆ, ಎರಡರ ತಿರುಳೂ ಇದೇ. 1956ರ ಕಾಯ್ದೆಯ ಪ್ರಕಾರ ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು.

ಒಂದೇ ತರಹದ ಮನೆ, ಎರಡು ತೀರ್ಪು

2010ರಲ್ಲಿ ಬೆಂಗಳೂರಿನ ಒಂದು ಕೇಸು ಸುಪ್ರೀಂ ಕೋರ್ಟ್‌ಗೆ ಹೋಗಿತ್ತು. ತಾಯಿ ತೀರಿಕೊಂಡ ಮೇಲೆ ಇಬ್ಬರು ಮಕ್ಕಳು ತಾಯಿಯ ತವರಿನವರ ಜೊತೆಗಿದ್ದರು. ತಂದೆ ಮರುಮದುವೆಯಾಗಿದ್ದರು. ಮರುಮದುವೆ ಅನರ್ಹತೆಯಲ್ಲ, ಆದರೆ ಗಮನಿಸಬೇಕಾದ ಅಂಶ ಎಂದ ಕೋರ್ಟ್, ಮುಖ್ಯ ಕೇಸು ಮುಗಿಯುವವರೆಗೆ ಮಕ್ಕಳನ್ನು ಅಲ್ಲೇ ಬಿಟ್ಟಿತು. ತಂದೆಗೆ ಭೇಟಿಯ ಅವಕಾಶ ಕೊಟ್ಟಿತು.

2019ರ ಇನ್ನೊಂದು ಕೇಸಿನಲ್ಲೂ ತಾಯಿ ಇಲ್ಲ, ಮಗು ತಾಯಿಯ ಅಕ್ಕತಂಗಿಯರ ಕಡೆ. ಇಲ್ಲಿ ಮಾತ್ರ ಕೂಸು ತಂದೆಗೆ ಹೋಯಿತು. ತಾಯಿಯ ಕಾಯಿಲೆಯ ಹೊತ್ತಿನಲ್ಲಿ ಆಸರೆಗೆಂದು ಕೂಸನ್ನು ಅಲ್ಲಿ ಬಿಡಲಾಗಿತ್ತು. ಸ್ವಲ್ಪ ಕಾಲ ಪ್ರೀತಿಯಿಂದ ಸಾಕಿದ್ದು ತಂದೆಯ ಹಕ್ಕನ್ನು ಕಿತ್ತುಕೊಳ್ಳಲು ಕಾರಣವಾಗದು ಎಂಬುದು ಕೋರ್ಟಿನ ನಿಲುವು.

ಅಂದರೆ ‘ಅಜ್ಜಿಮನೆ’ ತನ್ನಷ್ಟಕ್ಕೆ ಪ್ಲಸ್ಸೂ ಅಲ್ಲ, ಮೈನಸ್ಸೂ ಅಲ್ಲ. ಮಗು ಅಲ್ಲಿ ಯಾಕೆ ಉಳಿಯಿತು, ಎಷ್ಟು ಕಾಲದಿಂದ ಇದೆ, ಅದರ ವಯಸ್ಸೆಷ್ಟು, ತಿಳಿವಳಿಕೆ ಬಂದ ಮಗುವಾದರೆ ಅದರ ಇಷ್ಟವೇನು, ಇವೆಲ್ಲ ಸೇರಿ ತೀರ್ಮಾನ.

ಎರಡು ಮನೆ, ಆರಾರು ತಿಂಗಳು

2013ರಲ್ಲಿ ಕರ್ನಾಟಕ ಹೈಕೋರ್ಟ್ ಇನ್ನೊಂದು ದಾರಿ ತೋರಿಸಿತು. ಹುಡುಗ ಜನವರಿಯಿಂದ ಜೂನ್‌ವರೆಗೆ ತಂದೆಯ ಜೊತೆ, ಜುಲೈನಿಂದ ಡಿಸೆಂಬರ್‌ವರೆಗೆ ತಾಯಿಯ ಜೊತೆ. ಖರ್ಚು ಸಮಪಾಲು, ಶನಿವಾರ–ಭಾನುವಾರ ಇನ್ನೊಬ್ಬರಿಗೆ ಭೇಟಿ. 2015ರ ಕಾನೂನು ಆಯೋಗದ ವರದಿಯೂ ಇದನ್ನು ಉಲ್ಲೇಖಿಸಿದೆ. ಕೇಳಲು ಚಂದ, ಆದರೆ ಎರಡೂ ಮನೆಯಿಂದ ಒಂದೇ ಶಾಲೆಗೆ ಹೋಗುವಂತಿದ್ದರೆ ಮಾತ್ರ ಇದು ನಡೆದೀತು. ಒಬ್ಬರು ಅಲೆವೂರು, ಇನ್ನೊಬ್ಬರು ಬೆಂಗಳೂರು ಅಂದರೆ ಕಷ್ಟ.

ನೀವು ಗಮನಿಸಬೇಕಾದ್ದು

• ದೊಡ್ಡ ಮನೆ, ದೊಡ್ಡ ಸಂಬಳ ಎರಡೇ ಸಾಲದು. ಶಾಲೆ ಬಿಟ್ಟು ಬಂದಾಗ ಮನೆಯಲ್ಲಿ ಯಾರಿರುತ್ತಾರೆ, ಜ್ವರ ಬಂದರೆ ಯಾರು ನೋಡುತ್ತಾರೆ ಅನ್ನೋದಕ್ಕೆ ನಿಮ್ಮ ಬಳಿ ಉತ್ತರ ಇರಬೇಕು.

• ಮಗು ಸಾಮಾನ್ಯವಾಗಿ ಎಲ್ಲಿ ವಾಸಿಸುತ್ತದೋ ಆ ವ್ಯಾಪ್ತಿಯ ಕೋರ್ಟಿನಲ್ಲಿ ಅರ್ಜಿ ಹಾಕಬೇಕು. ಮಗು ವರ್ಷಗಳಿಂದ ಅಲೆವೂರಿನಲ್ಲಿದ್ದರೆ, ನೀವು ಬೆಂಗಳೂರಿನಲ್ಲಿದ್ದರೂ ಉಡುಪಿಗೆ ಓಡಾಡಬೇಕಾದೀತು.

• ‘ಸದ್ಯಕ್ಕೆ’ ಬಿಟ್ಟಿದ್ದರೆ ಯಾಕೆ, ಎಷ್ಟು ದಿನಕ್ಕೆ ಅನ್ನೋದು ವಾಟ್ಸ್ಆ್ಯಪ್ ಮೆಸೇಜಿನಲ್ಲಾದರೂ ಇರಲಿ. ಫೋನು, ಭೇಟಿ, ಫೀಸು ನಿಲ್ಲಿಸಬೇಡಿ. ದೂರವಿದ್ದೂ ನೀವು ಮಗುವಿನ ಬದುಕಿನಲ್ಲಿದ್ದಿರಿ ಅನ್ನೋದಕ್ಕೆ ಅವೇ ಸಾಕ್ಷಿ.

• ಹಟಕ್ಕೆ ಬಿದ್ದು ರಾತ್ರೋರಾತ್ರಿ ಮಗುವನ್ನು ಎತ್ತಿಕೊಂಡು ಹೋಗಬೇಡಿ. ಶಾಲೆ, ಗೆಳೆಯರು, ನಿದ್ದೆ, ಎಲ್ಲ ಕಳೆದುಕೊಳ್ಳುವುದು ಮಗುವೇ.

ವಕೀಲರ ಫೀಸಿಗೆ ಹೆದರಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100. ಕಸ್ಟಡಿ ಆದೇಶ ಶಾಶ್ವತವೂ ಅಲ್ಲ. ಮನೆಯ ಪರಿಸ್ಥಿತಿ ಬದಲಾದರೆ, ಮಗುವಿನ ಹಿತಕ್ಕಾಗಿ ಅದನ್ನು ಬದಲಿಸಿ ಎಂದು ಮತ್ತೆ ಕೇಳಬಹುದು.