ಕಾರು ತೆರಿಗೆ: ಆಕ್ಷೇಪ ಹೇಳುವ ಹೊತ್ತು ಯಾವುದು?

ಪೇಟೆಯವರ ದೃಷ್ಟಿಯಲ್ಲಿ ಕಾರು, ಜೀಪು ಎಂದರೆ ಈಗಲೂ ಒಂದಿಷ್ಟು ಅಂತಸ್ತಿನ ಗುರುತು. ನಮ್ಮ ಕಡೆಯ ಸಂಗತಿ ಬೇರೆ. ಮಳೆಗಾಲಕ್ಕೆ ಮುಂಚೆ ಮೈಲುತುತ್ತು, ಸುಣ್ಣ ತರಬೇಕು. ಚಾಲಿ ಅಡಿಕೆಯ ಗೋಣಿಗಳನ್ನು ಪುತ್ತೂರಿಗೋ ಸುಳ್ಯಕ್ಕೋ ಮುಟ್ಟಿಸಬೇಕು. ನಡುರಾತ್ರಿ ಮನೆಯಲ್ಲಿ ಯಾರಿಗಾದರೂ ಎದೆನೋವು ಬಂದರೆ ಕಡಬದ ಒಳಹಳ್ಳಿಯಿಂದ ಆಸ್ಪತ್ರೆಗೆ ಹೊರಡಬೇಕು. ಬಸ್ಸು ಬರುವ ದಾರಿ ಎಷ್ಟೋ ಮನೆಗಳಿಂದ ಎರಡು ಮೂರು ಕಿಲೋಮೀಟರು ದೂರ. ಇಂಥಲ್ಲಿ ವಾಹನವೂ ಪಂಪುಸೆಟ್ಟು, ದೋಟಿಗಳ ಸಾಲಿಗೆ ಸೇರಿದ ಒಂದು ಸಲಕರಣೆ.

ಈ ಸಲಕರಣೆಯ ಮೇಲಿನ ಕರ ಸಣ್ಣದಲ್ಲ. ಕರ್ನಾಟಕದಲ್ಲಿ ಸ್ವಂತ ಕಾರಿಗೆ ನೋಂದಣಿಯ ಹೊತ್ತಿನಲ್ಲೇ ಜೀವಾವಧಿ ತೆರಿಗೆ ಕಟ್ಟಬೇಕು. 2024ರಲ್ಲಿ ಇದ್ದ ದರದಂತೆ 5 ಲಕ್ಷದವರೆಗಿನ ಕಾರಿಗೆ ಶೇಕಡಾ 13, 10 ಲಕ್ಷದವರೆಗೆ 14, 20 ಲಕ್ಷದವರೆಗೆ 17, ಅದಕ್ಕೂ ಮೇಲ್ಪಟ್ಟರೆ 18. ಇದರ ಮೇಲೆ ಸೆಸ್ ಬೇರೆ. 8 ಲಕ್ಷದ ಕಾರು ಕೊಂಡವನು ಮೂಲ ತೆರಿಗೆಯೆಂದೇ 1,12,000 ರೂಪಾಯಿ ಕೊಟ್ಟ ಹಾಗಾಯಿತು. ಗಾಡಿ ಅಂಗಳಕ್ಕೆ ಬರುವ ಮೊದಲೇ!

ಈ ತೆರಿಗೆಯನ್ನು ಹಾಕುವವರು ಯಾರು? ದಿಲ್ಲಿಯ ಪಾರ್ಲಿಮೆಂಟು ಎಂದು ನಮ್ಮಲ್ಲಿ ಅನೇಕರ ತಿಳುವಳಿಕೆ. ಕಾರು ಕೊಳ್ಳುವಾಗಿನ ಜಿ.ಎಸ್.ಟಿ. ದರ ನಿರ್ಧಾರವಾಗುವುದು ಕೇಂದ್ರ ಮತ್ತು ರಾಜ್ಯಗಳು ಕೂಡಿದ ಮಂಡಳಿಯಲ್ಲಿ, ನಿಜ. ಆದರೆ ರಸ್ತೆಯಲ್ಲಿ ಓಡುವ ವಾಹನದ ಮೇಲಿನ ತೆರಿಗೆ ಸಂವಿಧಾನದ ರಾಜ್ಯಪಟ್ಟಿಯ 57ನೆಯ ಬಾಬ್ತು. ಕರ್ನಾಟಕದ 1957ರ ಮೋಟಾರು ವಾಹನ ತೆರಿಗೆ ಕಾಯಿದೆಗೆ ತಿದ್ದುಪಡಿ ತರದೆ ದರ ಏರಿಸಲಾಗದು. ತಿದ್ದುಪಡಿಗೆ ವಿಧಾನಸಭೆಯ ಒಪ್ಪಿಗೆ ಬೇಕು. ಆದ್ದರಿಂದ ಆಕ್ಷೇಪ ಹೇಳಬೇಕಾದ ಜಾಗ ಬೆಂಗಳೂರು ಅಥವಾ ಬೆಳಗಾವಿ.

ಬೆಳಗಾವಿ ಎಂದಾಗ 2024ರ ಡಿಸೆಂಬರ್ ನೆನಪಾಗುತ್ತದೆ. ಆ ಚಳಿಗಾಲದ ಅಧಿವೇಶನಕ್ಕೆ ಬಂದ ತಿದ್ದುಪಡಿ ಮಸೂದೆಯಂತೆ ಹೊಸ ದ್ವಿಚಕ್ರ ವಾಹನಕ್ಕೆ 500, ಕಾರಿಗೆ 1,000 ರೂಪಾಯಿ ಹೆಚ್ಚುವರಿ ಸೆಸ್ ಬಿತ್ತು. ಹಣ ಸಾರಿಗೆ ಕಾರ್ಮಿಕರ ಕ್ಷೇಮನಿಧಿಗೆ. ಚಾಲಕರ, ಮೆಕ್ಯಾನಿಕರ ಕ್ಷೇಮಕ್ಕೆ ನಮ್ಮ ತಕರಾರಿಲ್ಲ. ಆದರೆ ತೋಟಕ್ಕೆಂದು ಸ್ಕೂಟರು ಕೊಳ್ಳುವ ಸಣ್ಣ ಹಿಡುವಳಿದಾರನೂ ಕೋಟ್ಯಧೀಶನೂ ತಮ್ಮ ತಮ್ಮ ವರ್ಗದಲ್ಲಿ ಒಂದೇ ಮೊತ್ತ ತೆರುವುದು ಸರಿಯೇ ಎಂದು ಕೇಳಬಹುದಿತ್ತು. ಕೇಳಿದೆವೇ? ಅಡಿಕೆ ಕೊಯ್ಲು ಒಂದು ಕಡೆ, ಕಾಫಿ ಹಣ್ಣು ಇನ್ನೊಂದು ಕಡೆ. ಮಸೂದೆ ಬಂದದ್ದು, ಹೋದದ್ದು ನಮ್ಮ ಗಮನಕ್ಕೇ ಬರಲಿಲ್ಲ. ಈ ಪತ್ರಿಕೆಯವರಾದ ನಮ್ಮದೂ ಅದೇ ಕಥೆ, ಒಪ್ಪಿಕೊಳ್ಳುತ್ತೇವೆ.

ಅದೇ ವರ್ಷ ಕೆನ್ಯಾದಲ್ಲಿ ನಡೆದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅದು ನಮ್ಮ ಹಾಗೆಯೇ ಸಣ್ಣ ಕಾಫಿ ಬೆಳೆಗಾರರ ದೇಶ. ಅಲ್ಲಿನ ರೈತರು ಹಣ್ಣನ್ನು ತಮ್ಮ ಸಹಕಾರ ಸಂಘದ ಪಲ್ಪಿಂಗ್ ಘಟಕಕ್ಕೆ ಹಾಕುತ್ತಾರೆ. 2024ರ ಹಣಕಾಸು ಮಸೂದೆಯಲ್ಲಿ ಅಲ್ಲಿನ ಸರಕಾರ ಕಾರಿನ ಬೆಲೆಯ ಶೇಕಡಾ 2.5ರಷ್ಟು ತೆರಿಗೆಯನ್ನು ಪ್ರತಿ ವರ್ಷ ವಿಮೆಯ ಜೊತೆ ವಸೂಲು ಮಾಡಲು ಹೊರಟಿತು. ಕನಿಷ್ಠ 5,000 ಶಿಲ್ಲಿಂಗು, ಗರಿಷ್ಠ 1,00,000. ಮಸೂದೆಯ ಮೇಲೆ ಸಾರ್ವಜನಿಕರ ಅಭಿಪ್ರಾಯ ಕೇಳಲೇಬೇಕೆಂಬುದು ಅಲ್ಲಿನ ಸಂವಿಧಾನದ ನಿಯಮ. ಪಾರ್ಲಿಮೆಂಟಿನ ಹಣಕಾಸು ಸಮಿತಿ ಅಹವಾಲು ಕೇಳಿತು, ವಿರೋಧ ಪಕ್ಷ ಪಟ್ಟು ಹಿಡಿಯಿತು, ಬೀದಿಯಲ್ಲಿ ಯುವಕರು ಸೇರಿದರು. ಜೂನ್ 18ರಂದು ಆಳುವ ಪಕ್ಷವೇ ಕಾರು ತೆರಿಗೆಯನ್ನು ಕೈಬಿಟ್ಟಿತು. ಮಸೂದೆಯ ಉಳಿದ ಭಾಗ 25ರಂದು 195ಕ್ಕೆ 106 ಮತಗಳಿಂದ ಗೆದ್ದರೂ, ಅದೇ ದಿನ ಪ್ರತಿಭಟನಕಾರರು ಪಾರ್ಲಿಮೆಂಟಿಗೆ ನುಗ್ಗಿ, ಗುಂಡೇಟಿಗೆ ಪ್ರಾಣಗಳು ಹೋದವು. ಮರುದಿನ ಅಧ್ಯಕ್ಷ ರೂಟೊ ಸಹಿ ಹಾಕುವುದಿಲ್ಲವೆಂದರು. ಆ ರಕ್ತಪಾತ ಯಾರಿಗೂ ಬೇಡ. ನಾವು ಗಮನಿಸಬೇಕಾದದ್ದು, ಕಾರು ತೆರಿಗೆ ಬಿದ್ದುಹೋದದ್ದು ಅದಕ್ಕೂ ಒಂದು ವಾರ ಮೊದಲು, ಮಸೂದೆ ಇನ್ನೂ ಮಸೂದೆಯಾಗಿದ್ದಾಗ ಎಂಬುದನ್ನು. (ಲೆಕ್ಕಪ್ರಿಯರಿಗೆ ಒಂದು ಮಾತು: ಮಿತಿಯನ್ನು ಬದಿಗಿಟ್ಟರೆ 8 ಲಕ್ಷದ ಕಾರಿಗೆ ಅಲ್ಲಿ ವರ್ಷಕ್ಕೆ 20,000 ಆಗುತ್ತಿತ್ತು. ನಾವು ಐದೂವರೆ ವರ್ಷದ್ದನ್ನು ಮೊದಲ ದಿನವೇ ಕೊಟ್ಟು ಸುಮ್ಮನಿದ್ದೇವೆ.)

ಮಸೂದೆ ಕಾಯಿದೆಯಾದ ಮೇಲೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಗಡಿಯೇ ಉದಾಹರಣೆ. ಜಾಲ್ಸೂರಿನಿಂದ ಆಚೆ ಕಾಸರಗೋಡು. ಮನೆ ಅಲ್ಲಿ, ತೋಟ ಇಲ್ಲಿ ಇರುವ ಕುಟುಂಬಗಳು ಎಷ್ಟಿಲ್ಲ! 2014ರ ತಿದ್ದುಪಡಿ, ಹೊರರಾಜ್ಯದ ವಾಹನ 30 ದಿನಕ್ಕಿಂತ ಹೆಚ್ಚು ಇಲ್ಲಿದ್ದರೆ ಜೀವಾವಧಿ ತೆರಿಗೆ ಕಟ್ಟಬೇಕೆಂದಿತು. ಕೇಂದ್ರದ 1988ರ ಕಾಯಿದೆಯಾದರೋ ಮರುನೋಂದಣಿಗೆ 12 ತಿಂಗಳ ಅವಕಾಶ ಕೊಡುತ್ತದೆ. 2016ರಲ್ಲಿ ಹೈಕೋರ್ಟು ಆ ತಿದ್ದುಪಡಿಯನ್ನು ರದ್ದುಮಾಡಿತು. ಆದರೆ ಅಷ್ಟರಲ್ಲಿ ಎರಡು ವರ್ಷ ಕಳೆದಿತ್ತು, ಕೋರ್ಟು ಖರ್ಚು ಯಾರದೋ ಜೇಬಿನಿಂದ ಹೋಗಿತ್ತು.

2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು, ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯ ಆವರಣದೊಳಗೆ ಮಾತ್ರ ಓಡುವ ವಾಹನಗಳಿಗೆ ತೆರಿಗೆಯಿಲ್ಲ ಎಂದಿತು. ಹಾಗಾದರೆ ತೋಟದೊಳಗೇ ಓಡಾಡುವ ಹಳೆಯ ಜೀಪು? ಅವಸರ ಬೇಡ. ಅದು ಆಂಧ್ರದ ಕಾಯಿದೆಯ ಮಾತಿನ ಮೇಲೆ ನಿಂತ ತೀರ್ಪು. ನಮ್ಮ ಕಾಯಿದೆ ರಸ್ತೆಯಲ್ಲಿ ಓಡಲು ಯೋಗ್ಯವಾದ ವಾಹನ ಎನ್ನುತ್ತದೆ. ಓಡುತ್ತಿರುವ ವಾಹನ ಎನ್ನುವುದಿಲ್ಲ. ಈ ಒಂದು ಪದವನ್ನು ಬದಲಿಸುವ ಕೆಲಸವೂ ಸಭೆಯದೇ.

ಸಭೆಯಲ್ಲಿ ವಿರೋಧ ಪಕ್ಷದ ಸದಸ್ಯನೊಬ್ಬ ಏನು ಮಾಡಬಲ್ಲ ಎಂದು ಸಿನಿಕತನದಿಂದ ಕೇಳುವವರಿದ್ದಾರೆ. ತೆರಿಗೆ ಮಸೂದೆ ಹಣಕಾಸು ಮಸೂದೆಯಾದ್ದರಿಂದ ವಿಧಾನ ಪರಿಷತ್ತು ಅದನ್ನು 14 ದಿನಕ್ಕಿಂತ ಹೆಚ್ಚು ತಡೆಯಲಾರದು, ಸರಿ. ಆದರೆ ವಿಧಾನಸಭೆಯಲ್ಲಿ ಒಂದು ಬಾಗಿಲು ತೆರೆದೇ ಇದೆ. ತೆರಿಗೆ ಹಾಕುವ ಮಸೂದೆಗೆ ರಾಜ್ಯಪಾಲರ ಶಿಫಾರಸು ಬೇಕು; ತೆರಿಗೆ ಇಳಿಸುವ ಅಥವಾ ತೆಗೆಯುವ ತಿದ್ದುಪಡಿಗೆ ಬೇಡ. ಸಂವಿಧಾನದ 207ನೆಯ ವಿಧಿಯಲ್ಲೇ ಈ ಮಾತಿದೆ. ಆಳುವ ಪಕ್ಷದವರಿರಲಿ, ವಿರೋಧ ಪಕ್ಷದವರಿರಲಿ, ಯಾವ ಶಾಸಕರೂ ಎದ್ದು ನಿಂತು "ಇದನ್ನು ಕಡಿಮೆ ಮಾಡಿ" ಎಂದು ತಿದ್ದುಪಡಿ ಸೂಚಿಸಬಹುದು. ಸೋತರೂ ಅದು ನಡವಳಿಯಲ್ಲಿ ಉಳಿಯುತ್ತದೆ.

ನಮ್ಮ ಮೂರು ತಾಲೂಕುಗಳು ಮುಖ್ಯವಾಗಿ ಪುತ್ತೂರು, ಸುಳ್ಯ ಎಂಬ ಎರಡು ವಿಧಾನಸಭಾ ಕ್ಷೇತ್ರಗಳಲ್ಲಿವೆ. ಅರ್ಜಿ ಬರೆಯುವವರು ಘೋಷಣೆ ಬಿಟ್ಟು ಅಂಕಿ ಬರೆಯಿರಿ: ಎಷ್ಟು ಎಕರೆ ತೋಟ, ಗಾಡಿಯ ಬೆಲೆ ಎಷ್ಟು, ತೆರಿಗೆ ಎಷ್ಟು, ಹಳದಿ ಎಲೆ ರೋಗವೋ ಎಲೆಚುಕ್ಕಿಯೋ ಬಂದ ಮೇಲೆ ಫಸಲು ಎಷ್ಟು. ಮುಂಗಡಪತ್ರ ಸಾಮಾನ್ಯವಾಗಿ ಫೆಬ್ರವರಿ, ಮಾರ್ಚಿನ ಹೊತ್ತಿಗೆ ಬರುತ್ತದೆ. ಅರ್ಜಿ ಜನವರಿಯಲ್ಲಿ ಅವರ ಮೇಜಿನ ಮೇಲಿರಲಿ. ಒಂದು ಪ್ರತಿಯನ್ನು ಸಂಘದ ಕಚೇರಿಗೂ ಕೊಟ್ಟರೆ ಎಲ್ಲವನ್ನೂ ಒಟ್ಟುಗೂಡಿಸಲು ಅನುಕೂಲ.